ಸವೆದ ಶಾಫ್ಟಿನ ಅಳತೆ ನಂಬಬೇಡ

ಉಡುಪಿ

ಪ್ರೀತಿಯ ಅಳಿಯನಿಗೆ ಆಶೀರ್ವಾದಗಳು.

ಕಂಪನಿ ಬಿಟ್ಟು ಸ್ವಂತವಾಗಿ ಡಿಸೈನ್ ಮಾಡಿಕೊಡುವ ಕೆಲಸಕ್ಕಿಳಿದಿದ್ದಿ. ಬೈಕಂಪಾಡಿಯ ಗೇರುಬೀಜದ ಕಾರ್ಖಾನೆಗೆ ಕನ್ವೇಯರ್ (ಸರಕು ಸಾಗಿಸುವ ಯಂತ್ರ) ಮೊದಲ ಜಾಬ್ ಅಂತ ಅಕ್ಕ ಹೇಳಿದಳು. ಒಳ್ಳೆಯದೇ. ಆದರೆ ಪಾರ್ಟಿ ವಾಟ್ಸಾಪಿನಲ್ಲಿ ಕಳಿಸಿದ ಫೋಟೊ ನೋಡಿ ಕಂಪ್ಯೂಟರ್ ಮುಂದೆ ಕೂರಬೇಡ ಮಾರಾಯ. ವರ್ನಿಯರ್, ಟೇಪು, ಲೆವೆಲ್ ಹಿಡಿದು ನೀನೇ ಹೋಗು. ನೆಲದ ಇಳಿಜಾರು, ಕಂಬಗಳ ಅಂತರ, ಬಾಗಿಲಿನ ಅಗಲ ಎಲ್ಲ ಅಳೆ. ಫ್ರೇಮು ಬಾಗಿಲಲ್ಲಿ ಹಿಡಿಯದಿದ್ದರೆ ಅಲ್ಲೇ ಕೊಯ್ದು ಪುನಃ ವೆಲ್ಡ್ ಮಾಡಬೇಕು, ಖರ್ಚು ನಿನ್ನ ತಲೆಗೆ.

ಅಲ್ಲಿನ ಹಳೆಯ ಶಾಫ್ಟ್ (ತಿರುಗುವ ದಂಡ) ಅಳೆದಾಗ 24.93 ಮಿ.ಮೀ. ಬಂತೆಂದು ಅದನ್ನೇ ಬರೆದರೆ ಸವೆತವನ್ನು ನಕಲು ಮಾಡಿದಂತೆ. ಶಾಫ್ಟನ್ನು ಹಿಡಿದಿರುವ ಬೇರಿಂಗಿನ ನಂಬರ್ ನೋಡು. 6205 ಇದ್ದರೆ ಕೊನೆಯ 05ನ್ನು ಐದರಿಂದ ಗುಣಿಸು: ಒಳವ್ಯಾಸ 25. ಹೊರವ್ಯಾಸ 52, ಅಗಲ 15. ಶಾಫ್ಟಿಗೆ ಕೆ6 ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ಹೆಚ್ಚುಕಡಿಮೆ) ಕೊಡು, ಅಂದರೆ 25ರ ಮೇಲೆ 2ರಿಂದ 15 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಭಾಗ) ಹೆಚ್ಚು. ಬೇರಿಂಗ್ ಕೂರುವ ಹೌಸಿಂಗಿಗೆ ಎಚ್7, 52ರ ಮೇಲೆ 0ಯಿಂದ 30. ಶಾಫ್ಟ್ ಸಡಿಲವಾದರೆ ಬೇರಿಂಗಿನ ಒಳರಿಂಗು ಅದರ ಮೇಲೆ ಜಾರುತ್ತಾ ಶಾಫ್ಟನ್ನೇ ತಿಂದುಹಾಕುತ್ತದೆ. ಉಳಿದ ಕಡೆ ±0.2, ±0.3 ಮಿ.ಮೀ. ಧಾರಾಳ. ಎಲ್ಲದಕ್ಕೂ 0.01 ಬರೆದರೆ ಲೇತಿನವನು ದರ ಏರಿಸುತ್ತಾನೆ, ಇಲ್ಲವೇ ನಿನ್ನ ಡ್ರಾಯಿಂಗ್ ಬದಿಗಿಟ್ಟು ತನಗೆ ತೋಚಿದಂತೆ ಮಾಡುತ್ತಾನೆ. ಎರಡನೆಯದೇ ಹೆಚ್ಚು.

ತಗಡಿನಲ್ಲಿ ತೂತನ್ನು ಬೆಂಡಿಗೆ ಹತ್ತಿರ ಇಡಬೇಡ, ಬಗ್ಗಿಸುವಾಗ ಮೊಟ್ಟೆಯ ಆಕಾರಕ್ಕೆ ಎಳೆಯುತ್ತದೆ. ತಗಡಿನ ದಪ್ಪದ ಎರಡರಷ್ಟಕ್ಕೆ ಬೆಂಡ್ ರೇಡಿಯಸ್ (ಬಗ್ಗಿದ ತಿರುವಿನ ತ್ರಿಜ್ಯ) ಕೂಡಿಸಿದಷ್ಟಾದರೂ ದೂರ ಇರಲಿ.

ಇನ್ನು ನಮ್ಮ ಕಡಲ ಗಾಳಿ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿಗೂ (ಎಸ್‌ಎಸ್) ಉಪ್ಪು ಕೂತು ಚುಕ್ಕೆ ಚುಕ್ಕೆ ತುಕ್ಕು ಬರುತ್ತದೆ. 316ರಲ್ಲಿ 2–3% ಮಾಲಿಬ್ಡಿನಮ್ ಇರುವುದರಿಂದ ಚೆನ್ನಾಗಿ ತಡೆಯುತ್ತದೆ, ಬೆಲೆಯೂ ಹಾಗೇ. ಸೂರಿನಡಿಯ ಗೇರುಬೀಜದ ಕನ್ವೇಯರಿಗೆ 304 ಸಾಕು. ಮೀನಿನ ಫ್ಯಾಕ್ಟರಿಯವರು ಬಂದರೆ 316 ಹೇಳು. ಎಸ್‌ಎಸ್ ತಗಡಿಗೆ ಎಂಎಸ್ (ಮೈಲ್ಡ್ ಸ್ಟೀಲ್, ಸಾದಾ ಉಕ್ಕು) ಬೋಲ್ಟ್ ಮಾತ್ರ ಬೇಡವೇ ಬೇಡ. ಎರಡು ಲೋಹ ಒದ್ದೆಯಲ್ಲಿ ಸೇರಿದರೆ ತುಕ್ಕೆಲ್ಲ ಆ ಸಣ್ಣ ಬೋಲ್ಟಿನ ಮೇಲೇ ಬೀಳುತ್ತದೆ.

ಹಣದ ವಿಷಯ: ಅರ್ಧ ಮುಂಗಡ ತಗೋ. ಎರಡು ತಿದ್ದುಪಡಿ ದರದೊಳಗೆ, ಮೂರನೆಯದಕ್ಕೆ ಬೇರೆ ದುಡ್ಡು ಅಂತ ಕೊಟೇಶನ್‌ನಲ್ಲೇ ಬರೆ. ತಿದ್ದಿದಾಗಲೆಲ್ಲ ಮೂಲೆಯಲ್ಲಿ ರಿವಿಷನ್ ನಂಬರ್, ದಿನಾಂಕ ಹಾಕು. ವರ್ಕ್‌ಶಾಪಿಗೆ ಹೋಗಿ ಹಳೆಯ ಪ್ರಿಂಟ್ ವಾಪಸ್ ತಾ. ಎರಡೂ ಅಲ್ಲಿದ್ದರೆ ಗ್ರೀಸ್ ಮೆತ್ತಿದ ಹಳೆಯದನ್ನೇ ನೋಡಿ ಜಾಬ್ ಮುಗಿಸುತ್ತಾರೆ.

ಕನ್ವೇಯರಿನ ಡ್ರಾಯಿಂಗ್ ಕೊಡುವ ಮುಂಚೆ ನನಗೊಮ್ಮೆ ಕಳಿಸು.

ನಿನ್ನ ಸೋದರಮಾವ