ಎರಡು ಸರಾಸರಿ ಸಾಲದು, ಒಬ್ಬೊಬ್ಬರ ವ್ಯತ್ಯಾಸವೂ ಬೇಕು

ಮಾನ್ಯ ಸಂಪಾದಕರೇ,

ತರಬೇತಿಗೆ ಮೊದಲು ಸರಾಸರಿ ಅಂಕ ಇಷ್ಟಿತ್ತು, ಆಮೇಲೆ ಇಷ್ಟಾಯಿತು. ಔಷಧಕ್ಕೆ ಮೊದಲು ಬಿಪಿ ಇಷ್ಟು, ನಂತರ ಇಷ್ಟು. ಇಂಥ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಎರಡು ಸರಾಸರಿ, ಒಂದು ಶೇಕಡಾ ಲೆಕ್ಕ, ಅಲ್ಲಿಗೆ ಮುಗಿಯಿತು. ಎಷ್ಟು ಜನರ ಮೇಲೆ ನೋಡಿದ್ದು, ಅವರಲ್ಲಿ ಎಷ್ಟು ಜನಕ್ಕೆ ಏರಿತು, ಎಷ್ಟು ಜನಕ್ಕೆ ಇಳಿಯಿತು, ಒಂದೂ ಇರುವುದಿಲ್ಲ. ಅಂಕಿ-ಅಂಶದ ಕೆಲಸದಲ್ಲೇ ಇರುವ ನನಗೆ ಇದನ್ನು ಓದುವಾಗ ಅರ್ಧ ಊಟಕ್ಕೇ ಎಬ್ಬಿಸಿದ ಹಾಗಾಗುತ್ತದೆ.

ಒಬ್ಬರನ್ನೇ ಎರಡು ಸಲ ಅಳೆದಾಗ ಲೆಕ್ಕ ಹಾಕುವ ದಾರಿ ಬೇರೆ. ಅದಕ್ಕೆ ಜೋಡಿ ಟಿ ಪರೀಕ್ಷೆ ಎನ್ನುತ್ತಾರೆ. ಪ್ರತಿಯೊಬ್ಬರ ನಂತರದ ಅಳತೆಯಿಂದ ಮೊದಲಿನದನ್ನು ಕಳೆಯಬೇಕು. ಆಗ ಎರಡು ಪಟ್ಟಿ ಹೋಗಿ ವ್ಯತ್ಯಾಸಗಳ ಒಂದೇ ಪಟ್ಟಿ ಉಳಿಯುತ್ತದೆ. ಅದರ ಸರಾಸರಿ ಸೊನ್ನೆಯಿಂದ ಎಷ್ಟು ದೂರ ಇದೆ ಎಂದು ನೋಡಬೇಕು, ಆದರೆ ಆ ವ್ಯತ್ಯಾಸಗಳು ತಮ್ಮೊಳಗೆ ಎಷ್ಟು ಏರುಪೇರಾಗಿವೆ, ಜನ ಎಷ್ಟಿದ್ದಾರೆ ಎನ್ನುವುದಕ್ಕೆ ಹೋಲಿಸಿ. ಆ ಹೋಲಿಕೆಯಿಂದ ಬರುವ ಸಂಖ್ಯೆಯೇ ಟಿ. ಇಷ್ಟೇ ವಿಷಯ.

ಇದರ ಹಳೆಯ ಉದಾಹರಣೆಯೇ ಇವತ್ತಿಗೂ ಚೆನ್ನಾಗಿದೆ. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ವಿಲಿಯಂ ಗಾಸೆಟ್ 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಒಂದು ಲೇಖನ ಪ್ರಕಟಿಸಿದ. ಟಿ ಪರೀಕ್ಷೆಯ ಬೇರು ಅಲ್ಲೇ ಇದೆ. ಅದರಲ್ಲಿ 10 ರೋಗಿಗಳ ಲೆಕ್ಕ ಬರುತ್ತದೆ. ಬೇರೆ ಬೇರೆ ರಾತ್ರಿ ಅವರಿಗೆ ಎರಡು ನಿದ್ದೆ ಔಷಧ ಕೊಟ್ಟು, ಔಷಧ ಇಲ್ಲದ ದಿನಕ್ಕಿಂತ ಎಷ್ಟು ಗಂಟೆ ಜಾಸ್ತಿ ನಿದ್ದೆ ಬಂತು ಎಂದು ಬರೆದಿಟ್ಟಿದ್ದರು. ಮೊದಲನೆಯದರ ಸರಾಸರಿ 0.75 ಗಂಟೆ, ಎರಡನೆಯದರದ್ದು 2.33. ಆದರೆ ಜನರ ನಡುವೆ ಭಾರಿ ಅಂತರ. ಮೊದಲ ಔಷಧ ತೆಗೆದುಕೊಂಡಾಗ ಒಬ್ಬನಿಗೆ ನಿದ್ದೆ 1.6 ಗಂಟೆ ಕಡಿಮೆಯಾಯಿತು, ಇನ್ನೊಬ್ಬನಿಗೆ 3.7 ಗಂಟೆ ಜಾಸ್ತಿಯಾಯಿತು.

ಈ ಎರಡು ಪಟ್ಟಿ ಬೇರೆ ಬೇರೆ ಜನರದ್ದು ಎಂದುಕೊಂಡು ಸಾಮಾನ್ಯ ಟಿ ಪರೀಕ್ಷೆ ಮಾಡಿದರೆ ಟಿ ಬರುವುದು 1.86. ಔಷಧಗಳ ನಡುವೆ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಂತರ ಸುಮ್ನೆ ಬಂದುಬಿಡುವ ಸಾಧ್ಯತೆ ನೂರಕ್ಕೆ ಸುಮಾರು 8. ಅಂದರೆ ಗಟ್ಟಿಯಾಗಿ ಏನೂ ಹೇಳಲಾಗದು. ಅದೇ ಒಬ್ಬೊಬ್ಬರ ವ್ಯತ್ಯಾಸ ತೆಗೆದರೆ 1.2, 2.4, 1.3, 1.3, 0, 1.0, 1.8, 0.8, 4.6, 1.4. ಒಂದು ಸೊನ್ನೆ ಬಿಟ್ಟರೆ ಎಲ್ಲವೂ ಒಂದೇ ಕಡೆಗೆ ವಾಲಿವೆ! ಟಿ ಈಗ 4.06, ಸಾಧ್ಯತೆ ಸಾವಿರಕ್ಕೆ ಸುಮಾರು 3. ಅದೇ ಜನ, ಅದೇ ಅಂಕಿ. ಯಾವ ಔಷಧ ಕೊಟ್ಟರೂ ಜಾಸ್ತಿ ನಿದ್ದೆ ಬರುವವರು, ಬಾರದವರು ಎಂಬ ಅಂತರ ಕಳೆಯುವಾಗಲೇ ಬಿದ್ದುಹೋಯಿತು.

ಆ 4.6 ಕಣ್ಣಿಗೆ ಹೊಡೆಯುತ್ತದೆ ಅಲ್ವಾ? ಅದೊಂದೇ ಫಲಿತಾಂಶವನ್ನು ಎತ್ತಿ ಹಿಡಿದಿದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ತೆಗೆದು ನೋಡಿ. ಸರಾಸರಿ 1.58ರಿಂದ 1.24ಕ್ಕೆ ಇಳಿಯುತ್ತದೆ, ಆದರೆ ಟಿ 5.66ಕ್ಕೆ ಏರುತ್ತದೆ, ಯಾಕೆಂದರೆ ಅದು ಸರಾಸರಿಯನ್ನು ಮೇಲಕ್ಕೆತ್ತಿದ್ದಕ್ಕಿಂತ ಜಾಸ್ತಿ ಏರುಪೇರನ್ನು ಹೆಚ್ಚಿಸಿತ್ತು. ಬರೀ ಸರಾಸರಿ ಅಚ್ಚು ಹಾಕಿದರೆ ಇದು ಓದುಗರಿಗೆ ಹೇಗೆ ಗೊತ್ತಾಗಬೇಕು?

ಲೆಕ್ಕ ಮಾಡುವುದೇನೂ ಕಷ್ಟವಿಲ್ಲ. ಎಕ್ಸೆಲ್‌ನ ಟಿ.ಟೆಸ್ಟ್ ಸೂತ್ರದಲ್ಲಿ ಕೊನೆಯ ಜಾಗಕ್ಕೆ 1 ಹಾಕಿದರೆ ಜೋಡಿ ಪರೀಕ್ಷೆ, 2 ಅಥವಾ 3 ಹಾಕಿದರೆ ಬೇರೆ ಬೇರೆ ಗುಂಪಿನದು. ಒಂದು ಅಂಕಿ ತಪ್ಪಿದರೆ ಉತ್ತರವೇ ಬೇರೆ. ಇನ್ನು ಮೂರು ನಾಲ್ಕು ಸಲ ಅಳೆದಿದ್ದರೆ ಈ ಪರೀಕ್ಷೆಯನ್ನೇ ಎರಡೆರಡಕ್ಕೆ ಹಚ್ಚುತ್ತಾ ಹೋಗಬಾರದು, ಅದಕ್ಕೆ ಬೇರೆ ವಿಧಾನ ಇದೆ.

ಈಗ ನನ್ನ ನಿಜವಾದ ತಕರಾರಿಗೆ ಬರುತ್ತೇನೆ. ಟಿ ಎಷ್ಟೇ ದೊಡ್ಡದಿರಲಿ, ಅದು ಹೇಳುವುದು ಬದಲಾವಣೆ ಕಾಕತಾಳೀಯ ಅಲ್ಲ ಎಂದು ಮಾತ್ರ. ಯಾವುದರಿಂದ ಬದಲಾಯಿತು ಎಂದು ಹೇಳುವುದಿಲ್ಲ. ಒಂದು ದಿನ ಬಿಪಿ ನೋಡಿ, ತುಂಬಾ ಜಾಸ್ತಿ ಇದ್ದವರನ್ನು ಮಾತ್ರ ಆರಿಸಿಕೊಳ್ಳಿ. ಏನೂ ಕೊಡಬೇಡಿ. ತಿಂಗಳು ಬಿಟ್ಟು ನೋಡಿದರೆ ಅವರ ಸರಾಸರಿ ಸಾಮಾನ್ಯವಾಗಿ ಇಳಿದೇ ಇರುತ್ತದೆ, ಯಾಕೆಂದರೆ ಆ ದಿನದ ಮಟ್ಟಿಗೆ ಏರಿದ್ದವರೂ ಆ ಗುಂಪಿನಲ್ಲಿ ಸೇರಿರುತ್ತಾರೆ. ಜನ ಸಾಕಷ್ಟಿದ್ದರೆ ಜೋಡಿ ಟಿ ಪರೀಕ್ಷೆ ಇದನ್ನೂ ‘ಗಣನೀಯ’, ಅಂದರೆ ಸುಮ್ನೆ ಬಂದದ್ದಲ್ಲ, ಎಂದೇ ತೋರಿಸುತ್ತದೆ. ಕಡಿಮೆ ಅಂಕದ ಮಕ್ಕಳನ್ನೇ ಆರಿಸಿ ತರಬೇತಿ ಕೊಟ್ಟಾಗಲೂ ಇದೇ ಕಥೆ. ಅದಕ್ಕೇ ಏನೂ ಕೊಡದ ಇನ್ನೊಂದು ಗುಂಪು ಜೊತೆಗಿರಬೇಕು, ಇವರ ಬದಲಾವಣೆಯನ್ನು ಅವರ ಬದಲಾವಣೆಗೆ ನೇರವಾಗಿ ಹೋಲಿಸಬೇಕು. ಈ ಗುಂಪಿನಲ್ಲಿ ಗಣನೀಯ, ಆ ಗುಂಪಿನಲ್ಲಿ ಅಲ್ಲ, ಹಾಗಾಗಿ ನಮ್ಮ ಔಷಧ ಗೆದ್ದಿತು ಎಂದು ಹೇಳಿಬಿಡುವವರೂ ಇದ್ದಾರೆ. ಅದು ಹೋಲಿಕೆಯೇ ಅಲ್ಲ.

ಮಧ್ಯದಲ್ಲೇ ಬಿಟ್ಟುಹೋದವರ ಮಾತಂತೂ ಯಾರೂ ಎತ್ತುವುದಿಲ್ಲ. ಎರಡನೇ ಅಳತೆ ಇಲ್ಲದವರು ಜೋಡಿ ಲೆಕ್ಕದಿಂದ ಸದ್ದಿಲ್ಲದೆ ಹೊರಗೆ ಹೋಗುತ್ತಾರೆ, ಉಪಯೋಗ ಆಗದವರೇ ಹಾಗೆ ಬಿಟ್ಟಿರಬಹುದು.

ಇಡೀ ಪುಟ ಅಂಕಿಗಳಿಂದ ತುಂಬಿಸಿ ಎಂದು ನಾನು ಕೇಳುತ್ತಿಲ್ಲ. ಸುದ್ದಿಯ ಕೊನೆಯಲ್ಲಿ ಎರಡು ಸಾಲು ಸಾಕು. ಎಷ್ಟು ಜನರಿಂದ ಶುರು ಮಾಡಿ ಎಷ್ಟು ಜನ ಉಳಿದರು, ವ್ಯತ್ಯಾಸದ ಸರಾಸರಿ ಮತ್ತು ಅದರ ಏರುಪೇರು ಎಷ್ಟು, ಹೋಲಿಕೆಗೆ ಇನ್ನೊಂದು ಗುಂಪು ಇತ್ತೋ ಇಲ್ಲವೋ. ಸಂಶೋಧಕರು ಇದನ್ನು ಕೊಡಲು ಒಪ್ಪದಿದ್ದರೆ ‘ಮಾಹಿತಿ ನೀಡಿಲ್ಲ’ ಎಂದೇ ಅಚ್ಚು ಹಾಕಿ.

ಇಂತಿ,
ನಿಮ್ಮ ಓದುಗ