ಸದ್ದು ಹೋದ್ರೆ ಶಾಂತಿ ಬಂದ್ಬಿಡುತ್ತಾ?

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಲಿ ಬಂದ ಮೌನದ ಮೇಲಿನ ಪದ್ಯ ಓದಿದೆ. ಕೆರೆ ಫೋಟೋದ ಮೇಲೆ ಬಿಳಿ ಅಕ್ಷರದಲ್ಲಿ ಹಾಕಿದ್ರಿ, ಅರ್ಧ ಸಾಲು ನೀರಲ್ಲಿ ಮುಳುಗ್ಹೋಗಿತ್ತು, ಮೊಮ್ಮಗಳ ಹತ್ರ ಓದಿಸ್ಕೊಂಡೆ. ಪದ್ಯ ಚೆನ್ನಾಗಿದೆ, ಎರಡು ಮಾತಿಲ್ಲ. ಗಾಳಿ ನಿಂತು ಕೆರೆ ನೀರು ಕದಲದೆ ಮಲಗಿರೋದು, ದಡದ ಕಲ್ಲು ಅದನ್ನೇ ನೋಡ್ಕೊಂಡು ಕೂತಿರೋದು, ಎಲ್ಲಾ ಕಣ್ಣಿಗೆ ಕಟ್ಟಿದಂಗಿದೆ. ಆದ್ರೆ ಸದ್ದು ಅಡಗಿದ್ರೆ ಸಾಕು ಶಾಂತಿ ತಾನಾಗೇ ಬರುತ್ತೆ ಅನ್ನೋ ಹಾಗೆ ಮುಗಿಸಿದಾರಲ್ಲ, ಅಲ್ಲಿ ನಂದೊಂದು ತಕರಾರು.

ನಾನು ಈ ಊರಲ್ಲಿ 31 ವರ್ಷ ಬಸ್ ಓಡ್ಸಿದವನು. ಹಳೇ ಬಸ್ಸಲ್ಲಿ ಇಂಜಿನ್ ಡ್ರೈವರ್ ಪಕ್ಕದಲ್ಲೇ, ಬಾನೆಟ್ ಮೇಲೆ ಒಂದು ರೆಕ್ಸಿನ್ ಹೊದಿಸಿರೋರು ಅಷ್ಟೇ, ಎಡಗಾಲಿಗೆ ಬಿಸಿ ಎಡಗಿವಿಗೆ ಸದ್ದು, ಬಲಗಡೆ ಕಿಟಕಿಯಿಂದ ಹಾರ್ನು. ರಿಟೈರ್ ಆದ್ಮೇಲೆ ಮನೇಲಿ ಸೊಸೆ ‘ಸಾರು ಬಡಿಸ್ಲಾ ಮಾವ’ ಅಂದ್ರೆ ನಂಗೆ ‘ಆರು’ ಅಂತ ಕೇಳ್ಸೋದು, ಗಂಟೆ ಆಗ್ಲೇ ಎಂಟಾಗಿದೆಯಲ್ಲಮ್ಮ ಅಂತಿದ್ದೆ. ಮಗ ಕಿವಿ ಡಾಕ್ಟ್ರ ಹತ್ರ ಕರ್ಕೊಂಡ್ಹೋದ. ಅಲ್ಲೊಂದು ಗಾಜಿನ ಬಾಗಿಲಿನ ಗೂಡು, ಒಳಗೆ ಸ್ಪಂಜಿನ ಗೋಡೆ, ಬೀಪ್ ಕೇಳಿದ್ರೆ ಬಟನ್ ಒತ್ತಿ ಅಂತ ಹೆಡ್‌ಫೋನ್ ಹಾಕಿ ಬಾಗಿಲು ಮುಚ್ಚಿದ್ರು. ಜೀವಮಾನದಲ್ಲಿ ಅಂಥ ನಿಶ್ಶಬ್ದ ನಾನು ಕಂಡಿಲ್ಲ. ಆ ನಿಶ್ಶಬ್ದದಲ್ಲೇ ಸಾರ್, ನನ್ ಕಿವಿಯೊಳಗೆ ಕುಕ್ಕರ್ ಕೂಗೋಕ್ ಮುಂಚೆ ಸುಯ್ ಅನ್ನುತ್ತಲ್ಲ, ಆ ಥರ ಒಂದು ಸದ್ದು ಇದೆ ಅಂತ ಮೊದಲ ಸಲ ಗೊತ್ತಾಗಿದ್ದು. ಬೆವೆತ್ಹೋದೆ. ಪರೀಕ್ಷೆಯ ಗ್ರಾಫ್‌ನಲ್ಲಿ 4000 ಹರ್ಟ್ಸ್ ಹತ್ರ, ಅಂದ್ರೆ ಕೀರಲು ಸದ್ದಿನ ಕಡೆ, ಗೆರೆ ಗುಂಡಿಗೆ ಬಿದ್ದಂಗೆ ಕೆಳಗಿಳಿದಿತ್ತು, ಸದ್ದಲ್ಲಿ ಕೆಲ್ಸ ಮಾಡಿದವರದ್ದು ಹಿಂಗೇ ಇರುತ್ತೆ ಅಂದ್ರು ಡಾಕ್ಟ್ರು.

ಹಂಗಂತ ಗಲಾಟೆ ಪರವಾಗಿ ಮಾತಾಡ್ತಿಲ್ಲ ನಾನು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ವಸತಿ ಪ್ರದೇಶದಲ್ಲಿ 45 ಡೆಸಿಬಲ್ ದಾಟಬಾರ್ದು ಅಂತ 2000ನೇ ಇಸವಿ ನಿಯಮಾನೇ ಇದೆ, ನಮ್ ಬೀದೀಲಿ ಅದನ್ನ ಪಾಲಿಸೋದು ಮಲಗಿರೋ ನಾಯಿ ಮಾತ್ರ, ಅದೂ ಎದ್ದೇಳೋ ತನಕ.

ನಂಗೆ ನೆಮ್ಮದಿ ಅಂತ ಸಿಕ್ಕಿದ್ದು ಬೇರೆ ಕಡೆ. ಲಾಸ್ಟ್ ಟ್ರಿಪ್ ಮುಗ್ಸಿ ಡಿಪೋದಲ್ಲಿ ಗಾಡಿ ನಿಲ್ಸಿ ಇಂಜಿನ್ ಆಫ್ ಮಾಡಿದ್ರೆ ಮೈ ಇನ್ನೂ ನಡುಗ್ತಾನೇ ಇರೋದು, ಆಮೇಲೆ ಬಾನೆಟ್ ಒಳಗಿಂದ ಕಬ್ಬಿಣ ತಣ್ಣಗಾಗೋ ಟಿಕ್ ಟಿಕ್, ಹಿಂದೆ ಕಂಡಕ್ಟರ್ ಚಿಲ್ಲರೆ ಎಣಿಸೋ ಸದ್ದು, ‘ಇಳೀರಣ್ಣ, ಮನೆಗ್ ಹೋಗಲ್ವಾ’ ಅಂದ್ರೂ ಸ್ಟೇರಿಂಗ್ ಮೇಲೆ ಕೈ ಇಟ್ಕೊಂಡು ಎರಡು ನಿಮಿಷ ಸುಮ್ನೆ ಕೂರ್ತಿದ್ದೆ. ಪದ್ಯದ ಕೆರೆ ಓದ್ದಾಗ ನೆನಪಾಗಿದ್ದು ಅದೇ.

ಈಗ ಲಾಲ್‌ಬಾಗ್ ಬಂಡೆ ಹತ್ತಿ ಕೂರ್ತೀನಿ. 300 ಕೋಟಿ ವರ್ಷದ ಬಂಡೆ ಅದು, ಅದರ ಮೈ ಮೇಲಿನ ಕಪ್ಪು ಬಿಳಿ ಪಟ್ಟೆ ನೋಡಿ, ಒಂದಾನೊಂದು ಕಾಲಕ್ಕೆ ಭೂಮಿ ಒಳಗೆ ಬೆಂದು ಮಡಚ್ಕೊಂಡಿರೋ ಗುರುತು, ಅದೂ ಸುಖಾಸುಮ್ನೆ ಶಾಂತವಾಗಿದ್ದಲ್ಲ.

ನೆನ್ನೆ ಪುರವಣಿ ಮಡಚಿ ಜೇಬಲ್ಲಿ ಇಟ್ಕೊಂಡ್ ಹೋಗಿದ್ದೆ. ಮನೆಯವಳು ಈಗ ಯಾವಾಗ್ಲೂ ನನ್ ಬಲಗಡೇನೇ ಕೂರ್ತಾಳೆ, ಕೇಳ್ಸೋ ಕಿವಿ ಆ ಕಡೆ ಅಂತ. ಅವಳಿಗೆ ಪದ್ಯ ಓದಿ ಹೇಳ್ತಾ ನಾಲ್ಕನೇ ಸಾಲಿಗೆ ಬಂದೆ, ಕೆಳಗೆ ನಗೆಕೂಟದವರು ಹೋ ಹೋ ಅಂತ ಶುರು ಹಚ್ಕೊಂಡ್ರು. ‘ತಡೀರಿ, ಅವ್ರ ನಗು ಮುಗೀಲಿ, ಆಮೇಲ್ ಓದಿ’ ಅಂದ್ಲು. ಕಾಯ್ಕೊಂಡು ಕೂತ್ವಿ.

ಇಂತಿ,
ಒಬ್ಬ ನಿವೃತ್ತ ಬಸ್ ಡ್ರೈವರ್
ಸಿದ್ದಾಪುರ, ಬೆಂಗಳೂರು