‘ಪ್ರೀತಿ’ಯನ್ನು ಒಡೆದ ಟೆಂಪ್ಲೇಟು

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ ಹೊಸದಾಗಿ ಬ್ಲಾಗ್ ಶುರು ಮಾಡುವವರಿಗೆ ಒಂದು ಪುಟ ಪೂರ್ತಿ ಸಲಹೆ ಬಂದಿತ್ತು. ಥೀಮ್ (ಬ್ಲಾಗಿನ ಸಿದ್ಧ ವಿನ್ಯಾಸ) ಹೇಗೆ ಆರಿಸಬೇಕು, ಜಾಹೀರಾತು ಎಲ್ಲಿ ಕೂರಿಸಬೇಕು, ದುಡ್ಡು ಯಾವಾಗ ಬರುತ್ತದೆ, ಎಲ್ಲಾ ಇತ್ತು. ಕನ್ನಡ ಅಕ್ಷರದ ಬಗ್ಗೆ ಮಾತ್ರ ಒಂದು ಸಾಲೂ ಇರಲಿಲ್ಲ. ಬರೆಯುವುದು ಕನ್ನಡದಲ್ಲೇ ಅಲ್ವಾ?

ನಾನು ಸಾಗರದಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡವನು. ಇಪ್ಪತ್ತು ವರ್ಷದ ಮೇಲಾಯಿತು. ಮದುವೆ ಕಾಗದ, ಯಕ್ಷಗಾನದ ಕರಪತ್ರ, ಸೊಸೈಟಿಯ ವಾರ್ಷಿಕ ವರದಿ, ಇವೇ ನನ್ನ ಅನ್ನ. ಮದುವೆ ಕಾಗದವೆಲ್ಲ ವಾಟ್ಸ್‌ಆ್ಯಪ್‌ಗೆ ಹೋದ ಮೇಲೆ ಊರಿನ ಬರೆಯುವವರ ಬ್ಲಾಗುಗಳನ್ನು ರಿಪೇರಿ ಮಾಡುವ ಕೆಲಸವೂ ಬಂದು ಸೇರಿಕೊಂಡಿತು. ಯಾರೂ ಕಲಿಸಿದ್ದಲ್ಲ. ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟಿದ ಕೈ, ಅದನ್ನೇ ಇಲ್ಲೂ ಆಡಿಸಿದೆ, ಅಷ್ಟೆ.

ಒಂದು ಪ್ರಸಂಗ ಹೇಳುತ್ತೇನೆ. ನಮ್ಮೂರಲ್ಲಿ ಒಬ್ಬರು ನಿವೃತ್ತ ಟೀಚರ್ ಇದ್ದಾರೆ. ಮಲೆನಾಡಿನ ಅಡುಗೆ, ಗಿಡಮರ ಅಂತ ಬಹಳ ಚೆನ್ನಾಗಿ ಬರೆಯುತ್ತಾರೆ. ಅವರ ಮಗ ಎಲ್ಲೋ ಆನ್‌ಲೈನ್‌ನಲ್ಲಿ ದುಡ್ಡು ಕೊಟ್ಟು ಒಂದು ಟೆಂಪ್ಲೇಟು, ಅಂದರೆ ಥೀಮ್, ತಂದು ಹಾಕಿಕೊಟ್ಟ. ನೋಡಲು ಭಾರೀ ಚೆಂದ. ಲೇಖನದ ಮೊದಲ ಅಕ್ಷರ ಹಳೇ ಪುಸ್ತಕಗಳಲ್ಲಿ ಇರುತ್ತಲ್ಲ, ಹಾಗೆ ಮೂರು ಸಾಲಿನಷ್ಟು ದೊಡ್ಡದಾಗಿ ಬರುತ್ತಿತ್ತು. ಟೀಚರ್ ಅಪ್ಪೆಮಿಡಿ ಉಪ್ಪಿನಕಾಯಿ ಬಗ್ಗೆ ಬರೆದರು. ಮೊದಲ ವಾಕ್ಯ ‘ಪ್ರೀತಿಯಿಂದ ಅಮ್ಮ ಹಾಕುತ್ತಿದ್ದ ಮಿಡಿ’ ಅಂತ. ತೆರೆ ಮೇಲೆ ಬಂದದ್ದು ಏನು ಗೊತ್ತಾ? ಆನೆ ಗಾತ್ರದ ಒಂದು ‘ಪ್’. ಅದರ ಪಕ್ಕದಲ್ಲಿ ಸಣ್ಣಗೆ ‘ರೀತಿಯಿಂದ ಅಮ್ಮ ಹಾಕುತ್ತಿದ್ದ ಮಿಡಿ’. ಟೀಚರ್ ಫೋನ್ ಮಾಡಿ, ‘ನನ್ನ ಪ್ರೀತಿ ಎಲ್ಲಿ ಹೋಯ್ತು ಮಾರಾಯಾ’ ಅಂದರು.

ಹೋದದ್ದು ಎಲ್ಲಿಗೂ ಅಲ್ಲ. ನಮ್ಮ ಕಣ್ಣಿಗೆ ‘ಪ್ರೀ’ ಒಂದೇ ಅಕ್ಷರ. ಕಂಪ್ಯೂಟರ್ ಒಳಗೆ ಅದು ನಾಲ್ಕು ತುಂಡು: ಪ, ಅರ್ಧಾಕ್ಷರದ ಗುರುತು, ರ, ದೀರ್ಘದ ಗುಣಿತ. ‘ಮೊದಲ ಅಕ್ಷರ ದೊಡ್ಡದು ಮಾಡು’ ಅಂತ ಟೆಂಪ್ಲೇಟು ಹೇಳಿದರೆ ಬ್ರೌಸರ್ ಮೊದಲ ಎರಡು ತುಂಡು ಎತ್ತಿಕೊಂಡು ದೊಡ್ಡದು ಮಾಡುತ್ತದೆ. ಉಳಿದದ್ದು ಅನಾಥ. ಟೆಂಪ್ಲೇಟು ಬರೆದವನು ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷೆ ಮಾಡಿದ್ದಾನೆ. ಅವನ ತಪ್ಪು ಅಂತಲೂ ನಾನು ಹೇಳುವುದಿಲ್ಲ. ಅವನಿಗೆ ಒತ್ತಕ್ಷರ ಅಂದರೇನು ಅಂತ ಯಾರು ಹೇಳಬೇಕು? ಆ ಒಂದು ಸೂಚನೆ ತೆಗೆದೆ, ಪ್ರೀತಿ ವಾಪಸ್ ಬಂತು.

ಅಲ್ಲಿಂದ ನನಗೆ ಒಂದು ಅಭ್ಯಾಸ ಆಗಿದೆ. ಯಾವುದೇ ಥೀಮ್ ತಂದರೂ ಮೊದಲು ‘ಸ್ತ್ರೀ, ರಾಷ್ಟ್ರ, ಶಾಸ್ತ್ರ, ಅರ್ಘ್ಯ’ ಅಂತ ಟೈಪ್ ಮಾಡಿ ಮೇಲೆ ಕೆಳಗೆ ಎರಡೆರಡು ಸಾಲು ಹಾಕಿ ನೋಡುತ್ತೇನೆ. ಒತ್ತಿನ ಬಾಲ ಕೆಳಗಿನ ಸಾಲಿನ ಗುಣಿತದ ತಲೆಗೆ ತಾಗಿದರೆ ಆ ಥೀಮ್ ಹಾಗೇ ನಡೆಯುವುದಿಲ್ಲ. ಇಂಗ್ಲಿಷ್ ಒಂದೇ ಅಂತಸ್ತಿನ ಮನೆ. ನಮ್ಮದು ಮೇಲೆ ಅಟ್ಟ, ಕೆಳಗೆ ನೆಲಮಾಳಿಗೆ ಇರುವ ಮನೆ. ಪ್ರಿಂಟಿನಲ್ಲಿ ಇದು ನಮಗೆ ಮೊದಲಿಂದ ಗೊತ್ತು. ಸಾಲು ಸಾಲಿನ ನಡುವೆ ಸಾಕಷ್ಟು ಜಾಗ, ಅಂದರೆ ಲೀಡಿಂಗ್, ಕೊಡದೆ ಯಾವ ಡಿಟಿಪಿಯವನೂ ಪುಟ ಬಿಡುವುದಿಲ್ಲ. ಬ್ಲಾಗಿನಲ್ಲಿ ಅದಕ್ಕೆ ಲೈನ್ ಹೈಟ್ ಅನ್ನುತ್ತಾರೆ. ತುಂಬಾ ಟೆಂಪ್ಲೇಟುಗಳಲ್ಲಿ ಅದು 1.4ರ ಆಸುಪಾಸು ಇರುತ್ತದೆ. 1.7 ಅಥವಾ 1.8 ಮಾಡಿ. ಗೂಗಲ್‌ನ ಬ್ಲಾಗ್ ಸೇವೆಯಾದ ಬ್ಲಾಗರ್‌ನಲ್ಲಾದರೆ ಥೀಮ್, ಕಸ್ಟಮೈಸ್, ಅಡ್ವಾನ್ಸ್ಡ್ ಅಂತ ಹೋದರೆ ಕೊನೆಗೆ ಸಿಎಸ್‌ಎಸ್, ಅಂದರೆ ಪುಟದ ಅಂದಚೆಂದದ ಸೂಚನೆ, ಸೇರಿಸುವ ಜಾಗ ಸಿಗುತ್ತದೆ. ಒಂದು ಸಾಲಿನ ಕೆಲಸ. ಓದುವವನ ಕಣ್ಣಿಗೆ ಇದರಿಂದ ಸಿಗುವ ಆರಾಮ ಯಾವ ಸ್ಲೈಡ್ ಶೋದಿಂದಲೂ ಸಿಗುವುದಿಲ್ಲ.

ಅಲ್ಲೇ ಇನ್ನೊಂದು ನೋಡಿ. ಶೀರ್ಷಿಕೆಯ ಅಕ್ಷರಗಳ ನಡುವೆ ಸ್ವಲ್ಪ ಸ್ವಲ್ಪ ಜಾಗ ಬಿಡುವ ಫ್ಯಾಷನ್ ಇಂಗ್ಲಿಷಿನಲ್ಲಿ ಇದೆ. ಕನ್ನಡಕ್ಕೆ ಅದನ್ನು ಹಾಕಿದರೆ ಪದ ಪದವಾಗಿ ಉಳಿಯುವುದಿಲ್ಲ, ಜಾತ್ರೆಯಲ್ಲಿ ಕೈ ಬಿಟ್ಟ ಮಕ್ಕಳ ಹಾಗೆ ಚದುರುತ್ತದೆ. ಸೊನ್ನೆ ಮಾಡಿಬಿಡಿ. ಓರೆ ಅಕ್ಷರವೂ ಅಷ್ಟೇ. ಹೆಚ್ಚಿನ ಕನ್ನಡ ಫಾಂಟುಗಳಲ್ಲಿ ಇಟ್ಯಾಲಿಕ್ ಅಂತ ಬೇರೆ ಇರುವುದೇ ಇಲ್ಲ. ಬ್ರೌಸರ್ ಇದ್ದ ಅಕ್ಷರವನ್ನೇ ಹಿಡಿದು ಬಗ್ಗಿಸುತ್ತದೆ.

ಎರಡೂ ಅಂಚು ಸಮ ಮಾಡುವ ಜಸ್ಟಿಫೈ ಬಗ್ಗೆ ನನಗೂ ಕೆಲವು ಗಿರಾಕಿಗಳಿಗೂ ಜಗಳವೇ ಆಗಿದೆ. ‘ಪೇಪರಿನಲ್ಲಿ ಹಾಗೇ ಇರತ್ತಲ್ಲ’ ಅನ್ನುತ್ತಾರೆ. ಪೇಪರಿನಲ್ಲಿ ಪುಟ ಕಟ್ಟುವ ಮನುಷ್ಯ ಪದ ಒಡೆದು ಸಾಲು ಕೂರಿಸುತ್ತಾನೆ. ಮೊಬೈಲ್ ತೆರೆಯ ಮೇಲೆ ‘ನೋಡಿಕೊಳ್ಳಬೇಕಾಗಿರುವುದರಿಂದ’ ಅನ್ನುವ ಪದ ಒಂದು ಬಂದರೆ ಅರ್ಧ ಸಾಲು ಅದಕ್ಕೇ ಬೇಕು. ಅದು ಕೆಳಗೆ ಇಳಿದರೆ ಮೇಲಿನ ಸಾಲಿನಲ್ಲಿ ಉಳಿದ ಎರಡು ಪದ ಆ ಕಡೆ ಈ ಕಡೆ ಗೋಡೆಗೆ ಅಂಟಿಕೊಂಡು ನಡುವೆ ಹಲ್ಲು ಉದುರಿದ ಬಾಯಿ. ಎಡಕ್ಕೆ ಸರಿಯಾಗಿರಲಿ, ಬಲಗಡೆ ಹೇಗಿದ್ದರೆ ಏನು?

ಫಾಂಟಿನ ವಿಷಯ. ಟೆಂಪ್ಲೇಟಿನಲ್ಲಿ ಇರುವುದು ಸಾಮಾನ್ಯವಾಗಿ ಇಂಗ್ಲಿಷ್ ಫಾಂಟಿನ ಹೆಸರು. ಅದರೊಳಗೆ ಕನ್ನಡ ಇಲ್ಲ. ಆಗ ಓದುಗನ ಯಂತ್ರದಲ್ಲಿ ಯಾವ ಕನ್ನಡ ಫಾಂಟ್ ಇದೆಯೋ ಅದು ಬರುತ್ತದೆ. ಹಳೇ ವಿಂಡೋಸ್‌ನಲ್ಲಿ ತುಂಗಾ, ಹೊಸದರಲ್ಲಿ ನಿರ್ಮಲಾ, ಆಂಡ್ರಾಯ್ಡ್‌ನಲ್ಲಿ ನೋಟೋ. ತುಂಗಾ ಅಷ್ಟೇ ಅಳತೆಗೆ ಸಣ್ಣಗೆ ಕಾಣುತ್ತದೆ. ನೀವು ನಿಮ್ಮ ಫೋನಿನಲ್ಲಿ ನೋಡಿ ಖುಷಿಪಟ್ಟ ಪುಟ ಪಂಚಾಯಿತಿ ಆಫೀಸಿನ ಕಂಪ್ಯೂಟರಿನಲ್ಲಿ ಇರುವೆ ಸಾಲು. ಗೂಗಲ್ ಫಾಂಟ್ಸ್‌ನಲ್ಲಿ ಬಿಟ್ಟಿಯಾಗಿ ಒಳ್ಳೊಳ್ಳೆ ಕನ್ನಡ ಫಾಂಟುಗಳಿವೆ. ಓದುವ ಭಾಗಕ್ಕೆ ನನಗೆ ನೋಟೋ ಸೆರಿಫ್ ಕನ್ನಡ ಇಷ್ಟ. ಟಿರೋ ಕನ್ನಡವೂ ಚೆನ್ನ, ಹಳೇ ಅಚ್ಚುಮೊಳೆಯ ನೆನಪು ತರುತ್ತದೆ. ತಲೆಬರಹಕ್ಕೆ ಬಾಲೂ ತಮ್ಮ, ಅನೇಕ್ ಇವೆ. ಆದರೆ ಆರಿಸುವಾಗ ದಪ್ಪ ಅಕ್ಷರ ಆ ಫಾಂಟಿನಲ್ಲೇ ಇದೆಯಾ ಅಂತ ನೋಡಿಕೊಳ್ಳಿ. ಟಿರೋದಲ್ಲಿ ಇಲ್ಲ. ಇಲ್ಲದಿದ್ದರೆ ಬ್ರೌಸರ್ ಅಕ್ಷರಕ್ಕೆ ಸುಮ್ನೆ ಮಸಿ ಬಳಿಯುತ್ತದೆ. ಸಣ್ಣ ಗಾತ್ರದಲ್ಲಿ ದ, ಧ, ಥ ಮೂರೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಒಂದು ಬ್ಲಾಗಿಗೆ ಎರಡು ಫಾಂಟ್ ಸಾಕು. ಐದು ಹಾಕಿಸಿಕೊಂಡವರೂ ನನ್ನಲ್ಲಿಗೆ ಬಂದಿದ್ದಾರೆ, ಪುಟ ತೆರೆಯುವಷ್ಟರಲ್ಲಿ ಕಾಫಿ ಆರಿರುತ್ತದೆ. ಅದೇ ಕಾರಣಕ್ಕೆ ಫೋಟೋ ಕೂಡ. ಫೋನಿನಲ್ಲಿ ತೆಗೆದ ನಾಲ್ಕೈದು ಎಂಬಿಯ ಚಿತ್ರವನ್ನು ಹಾಗೇ ಏರಿಸಬೇಡಿ. ಸ್ಕ್ವೂಶ್ ಅಂತ ಒಂದು ಉಚಿತ ತಾಣ ಇದೆ, ಬ್ರೌಸರಿನಲ್ಲೇ ಚಿತ್ರವನ್ನು ಕುಗ್ಗಿಸಿ ಕೊಡುತ್ತದೆ. 1200 ಪಿಕ್ಸೆಲ್ ಅಗಲ ಧಾರಾಳವಾಯಿತು.

ಇನ್ನು ಲೇಖನದ ವಿಳಾಸ, ಅಂದರೆ ಅದರ ಕೊಂಡಿ. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಬ್ಲಾಗರ್‌ನಲ್ಲಿ ಶೀರ್ಷಿಕೆಯನ್ನು ಪೂರ್ತಿ ಕನ್ನಡದಲ್ಲಿ ಕೊಟ್ಟರೆ ಅದರ ವಿಳಾಸಕ್ಕೆ ‘ಬ್ಲಾಗ್ ಪೋಸ್ಟ್’ ಅಂತಲೇ ಹೆಸರು ಬೀಳುತ್ತದೆ. ಮುಂದಿನದಕ್ಕೂ ಅದೇ ಹೆಸರು, ಬಾಲದಲ್ಲಿ ಒಂದು ನಂಬರು. ನೂರು ಮಕ್ಕಳಿಗೂ ಒಂದೇ ಹೆಸರಿಟ್ಟ ಹಾಗೆ. ವರ್ಡ್‌ಪ್ರೆಸ್ ಅನ್ನುವ ಇನ್ನೊಂದು ಬ್ಲಾಗ್ ವ್ಯವಸ್ಥೆ ಕನ್ನಡ ಹೆಸರನ್ನು ಉಳಿಸಿಕೊಳ್ಳುತ್ತದೆ, ಆದರೆ ಅಲ್ಲಿ ಬೇರೆ ಪೇಚು. ಕನ್ನಡದ ಒಂದೊಂದು ತುಂಡಿಗೂ ಯೂನಿಕೋಡ್‌ನ (ಎಲ್ಲ ಲಿಪಿಗಳ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಪದ್ಧತಿ) ಯುಟಿಎಫ್-8 ಲೆಕ್ಕದಲ್ಲಿ ಮೂರು ಬೈಟ್ ಬೇಕು. ಆ ಮೂರನ್ನು ವಿಳಾಸದಲ್ಲಿ ಬರೆಯಲು ಶೇಕಡಾ ಚಿಹ್ನೆ ಸೇರಿ ಒಂಬತ್ತು ಅಕ್ಷರ ಆಗುತ್ತದೆ. ವರ್ಡ್‌ಪ್ರೆಸ್ ಆ ಹೆಸರಿಗೆ ಇಟ್ಟಿರುವ ಜಾಗ 200 ಅಕ್ಷರ. ಅಂದರೆ 22 ತುಂಡು. ‘ಪ್ರೀ’ ಒಂದಕ್ಕೇ ನಾಲ್ಕು ಹೋದರೆ ಉದ್ದ ಶೀರ್ಷಿಕೆ ನಡುವೆ ಕತ್ತರಿಸಿ ಬೀಳುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಶೇಕಡಾ ಚಿಹ್ನೆಗಳ ಒಂದು ಹೆಬ್ಬಾವು. ಅದನ್ನು ನೋಡಿ ‘ಇದು ವೈರಸ್ಸಾ’ ಅಂತ ಕೇಳಿದವರು ಎಷ್ಟು ಜನ ಲೆಕ್ಕ ಇಲ್ಲ. ಪ್ರಕಟಿಸುವ ಮೊದಲೇ ಪರ್ಮಾಲಿಂಕ್ ಅನ್ನುವಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ‘ಅಪ್ಪೆಮಿಡಿ’ ಅಂತ ಬರೆದುಬಿಡಿ. ಕನ್ನಡಕ್ಕೆ ಇದರಿಂದ ಅವಮಾನ ಏನಿಲ್ಲ. ಅಂಚೆಯ ಪಿನ್‌ಕೋಡ್ ಇದ್ದ ಹಾಗೆ ಅದು.

ಟೀಚರ್ ಹತ್ತಿರ ಹಳೇ ಲೇಖನಗಳ ಒಂದು ಗಂಟೇ ಇತ್ತು. ಯೂನಿಕೋಡ್ ಅಲ್ಲದ ಹಳೇ ‘ನುಡಿ’ ತಂತ್ರಾಂಶದಲ್ಲಿ ನಾನೇ ಟೈಪ್ ಮಾಡಿಕೊಟ್ಟದ್ದು. ಆಗ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದರು. ‘ಬರಹ’ ತಂತ್ರಾಂಶದ ಹಳೇ ಫಾಂಟುಗಳೂ ಅದೇ ದಾರಿ. ಮುದ್ರಣಕ್ಕೆ ಅದು ಚೆನ್ನಾಗಿಯೇ ನಡೆಯಿತು. ನಮ್ಮಂಥವರು ಬದುಕಿದ್ದೇ ಅದರಿಂದ, ದೂರುವಂತಿಲ್ಲ. ಬ್ಲಾಗಿಗೆ ಅಂಟಿಸಿದರೆ ಮಾತ್ರ ತಲೆ ಮೇಲೆ ಟೋಪಿ, ಚುಕ್ಕೆ ಇಟ್ಟ ಇಂಗ್ಲಿಷ್ ಗೀಚು ಕಾಣುತ್ತದೆ. ಗೂಗಲ್‌ನಲ್ಲಿ ಹುಡುಕಿದರೂ ಸಿಗುವುದಿಲ್ಲ. ಇದನ್ನು ಯೂನಿಕೋಡ್‌ಗೆ ಬದಲಾಯಿಸುವ ಸಲಕರಣೆಗಳು ಉಚಿತವಾಗಿ ಸಿಗುತ್ತವೆ. ಒಂದೇ ಎಚ್ಚರಿಕೆ, ಅರ್ಕಾವತ್ತು. ಹಳೇ ಪದ್ಧತಿಯಲ್ಲಿ ಅದನ್ನು ಅಕ್ಷರ ಆದ ಮೇಲೆ ಒತ್ತುತ್ತಿದ್ದೆವು. ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಬದಲಾಯಿಸುವ ಯಂತ್ರ ಅಲ್ಲಿ ಒಮ್ಮೊಮ್ಮೆ ಎಡವುತ್ತದೆ. ಸೂರ್ಯ, ವರ್ಷ, ಅರ್ಥ ಇರುವ ಸಾಲುಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಓದಲೇಬೇಕು. ನಾವಿಬ್ಬರೂ ಒಂದು ಮಳೆಗಾಲ ಪೂರ್ತಿ ಅದನ್ನೇ ಮಾಡಿದೆವು. ಕರೆಂಟು ಇದ್ದಾಗ.

ವರ್ಡ್‌ನಿಂದ ತಂದು ಬ್ಲಾಗಿಗೆ ಅಂಟಿಸುವವರಿಗೂ ಒಂದು ಮಾತು. ಬರೀ ಅಕ್ಷರ ಬರುವುದಿಲ್ಲ. ಫಾಂಟಿನ ಹೆಸರು, ಬಣ್ಣ, ಅಳತೆ ಎಲ್ಲಾ ಸಂಸಾರ ಸಮೇತ ಬರುತ್ತದೆ. ಆಮೇಲೆ ಥೀಮ್‌ನಲ್ಲಿ ಏನು ಸರಿ ಮಾಡಿದರೂ ಆ ಲೇಖನ ಮಾತ್ರ ಕೇಳುವುದಿಲ್ಲ. ಕಂಟ್ರೋಲ್, ಶಿಫ್ಟ್, ವಿ ಒಟ್ಟಿಗೆ ಒತ್ತಿ ಅಂಟಿಸಿ.

ಧಾರವಾಡದಿಂದ ಒಬ್ಬರು ಟೀಚರ್‌ಗೆ ಫೋನ್ ಮಾಡಿದ್ದರು. ಅವರಿಗೆ ಕಣ್ಣು ಕಾಣುವುದಿಲ್ಲ. ಎನ್‌ವಿಡಿಎ ಅನ್ನುವ ಉಚಿತ ಸಾಫ್ಟ್‌ವೇರ್ ಪುಟವನ್ನು ಓದಿ ಹೇಳುತ್ತದೆ, ಅದನ್ನು ಕೇಳುತ್ತಾರೆ. ‘ನಿಮ್ಮ ಬ್ಲಾಗಿನಲ್ಲಿ ಬೇರೆಲ್ಲಾ ಸರಿ, ನಿಮ್ಮ ಅಮ್ಮನ ಅಳತೆಗಳು ಮಾತ್ರ ಕೇಳಿಸಲಿಲ್ಲ’ ಅಂದರಂತೆ. ಹೋಗಿ ನೋಡಿದರೆ ಉಪ್ಪು, ಮೆಣಸು, ಸಾಸಿವೆಯ ಅಳತೆಯನ್ನು ನಾನೇ ಬಣ್ಣದ ಚೌಕಟ್ಟು ಹಾಕಿ ಚಿತ್ರ ಮಾಡಿ ಏರಿಸಿದ್ದೆ. ಕಾರ್ಡ್ ಮಾಡುವ ಹಳೇ ಚಟ. ಚಿತ್ರದೊಳಗಿನ ಅಕ್ಷರ ಆ ಯಂತ್ರಕ್ಕೆ ಬರೀ ಚಿತ್ರ. ನಾಚಿಕೆ ಆಯಿತು. ಅವತ್ತೇ ಅಕ್ಷರದಲ್ಲಿ ಟೈಪ್ ಮಾಡಿ ಹಾಕಿದೆ. ಜೊತೆಗೆ ಟೆಂಪ್ಲೇಟಿನ ತಲೆಯಲ್ಲಿ ಪುಟದ ಭಾಷೆ ಇಂಗ್ಲಿಷ್ ಅಂತ ಇದ್ದದ್ದನ್ನು ಕನ್ನಡ ಅಂತ ಬದಲಾಯಿಸಿದೆ. ಯಾವ ದನಿಯಲ್ಲಿ ಓದಬೇಕು ಅಂತ ಆ ಸಾಫ್ಟ್‌ವೇರಿಗೆ ಗೊತ್ತಾಗುವುದು ಅದರಿಂದಲೇ.

ಬ್ಯಾಕಪ್ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಸಾಲು ಇತ್ತು, ಅದು ಸರಿಯೇ. ಜನ ತಮ್ಮ ಪುಟ ಇಡುತ್ತಿದ್ದ ಯಾಹೂನವರ ಜಿಯೋಸಿಟೀಸ್ ತಾಣ 2009ರಲ್ಲಿ ಮುಚ್ಚಿದಾಗ ಎಷ್ಟೋ ಜನರ ಪುಟ ಒಟ್ಟಿಗೆ ಹೋದವು. ಬ್ಲಾಗರ್ ಕೊಡುವ ಬ್ಯಾಕಪ್ ಫೈಲಿನಲ್ಲಿ ಬರಹ, ಪ್ರತಿಕ್ರಿಯೆ ಇರುತ್ತದೆ. ಚಿತ್ರ ಇರುವುದಿಲ್ಲ, ಅದರ ಕೊಂಡಿ ಅಷ್ಟೇ. ಚಿತ್ರಗಳನ್ನು ಬೇರೆ ಇಟ್ಟುಕೊಳ್ಳಿ ಅಂತ ಸೇರಿಸಬೇಕಿತ್ತು.

ಇಷ್ಟು ಬರೆದದ್ದು ನಿಮ್ಮ ಲೇಖಕರನ್ನು ಹೀಯಾಳಿಸಲು ಅಲ್ಲ. ಮುಂದಿನ ವಾರ ಎರಡನೇ ಕಂತು ಇದೆ ಅಂತ ಹಾಕಿದ್ದೀರಿ, ಅದರಲ್ಲಿ ಅರ್ಧ ಕಾಲಂ ಅಕ್ಷರಕ್ಕೆ ಕೊಡಿ ಅನ್ನುವುದಷ್ಟೇ ಕೋರಿಕೆ.

ಕೊನೆಗೆ ನಿಮ್ಮ ಪುಟ ಕಟ್ಟುವವರಿಗೆ ಒಂದು ಮನವಿ. ಪತ್ರವನ್ನು ಯೂನಿಕೋಡ್‌ನಲ್ಲಿ ಕಳಿಸಿದ್ದೇನೆ. ಪ್ರಿಂಟಿಗಾಗಿ ನಿಮ್ಮಲ್ಲಿ ಇನ್ನೂ ಹಳೇ ಫಾಂಟಿಗೆ ಬದಲಾಯಿಸುತ್ತಿದ್ದರೆ ‘ಸಾಫ್ಟ್‌ವೇರ್’, ‘ಪೇಜ್‌ಮೇಕರ್’ ಅನ್ನುವ ಪದಗಳನ್ನು ಒಮ್ಮೆ ನೋಡಿಕೊಳ್ಳಿ. ಜ್ ಆದ ಮೇಲೆ, ಟ್ ಆದ ಮೇಲೆ ಕಣ್ಣಿಗೆ ಕಾಣದ ಒಂದು ಗುರುತು ಇಟ್ಟಿದ್ದೇನೆ. ಅದು ಉದುರಿದರೆ ‘ಮೇ’ ಹೋಗಿ ‘ಜ’ದ ಕೆಳಗೆ ಒತ್ತಾಗಿ ಕೂರುತ್ತದೆ. ಮತ್ತೆ ಟೀಚರ್ ಫೋನ್ ಬರುವುದು ನನಗೇ.

ಇತಿ,
ಡಿಟಿಪಿ ಅಂಗಡಿಯವನು
ಸಾಗರ, ಶಿವಮೊಗ್ಗ ಜಿಲ್ಲೆ